ಐದನೇ ಪ್ರತಿ

ಊರು ಹೆಂಗದ ಅಂತ ಕೇಳಿದ್ರಿ, ಮೇಡಂ,
ಆರ್ಡರ್ ಕೈಯಾಗ ಹಿಡಕೊಂಡು,
ಜಾಯಿನ್ ಆಗಲೋ ಬ್ಯಾಡೋ ಅನ್ನೋ ಮುಖ ಮಾಡಿ.
ಝೆರಾಕ್ಸಿನ ಬೆಳಕು ಒಮ್ಮೆ ನಿಮ್ಮ ಗದ್ದಕ್ಕ ಬಿದ್ದು ಹೋಯ್ತು.
ಕೂಡ್ರಿ. ಅಂಟು ಆರೋತನಕ ನನಗೂ ಕೆಲಸಿಲ್ಲ.

ಇಪ್ಪತ್ತಾರು ವರ್ಷಾಯ್ತು,
ಬ್ಯಾರೆಯವರ ಓದಿಗೆ ರಟ್ಟು ಹಾಕೋದು ನನ್ನ ಧಂಧಾ.
ಎಮ್ಮಿ ಕೆಚ್ಚಲ ಬಾವು, ಸಿಮೆಂಟಿನ ಬಿರುಕು,
ತೊಗರಿ ಮಾರ್ಕೆಟ್ಟು, ವಚನದಾಗಿನ ಕಾಯಕ,
ಎಲ್ಲಾ ಈ ಕತ್ತರಿ ಕೆಳಗ ಒಂದೇ ಅಳತಿ.
ಒಳಗೇನದ ನನಗೊತ್ತಿಲ್ಲ.
ಬೆನ್ನಿನ ಮ್ಯಾಲಿನ ಹೆಸರು ಮಾತ್ರ ಗೊತ್ತು, ಬಂಗಾರದ್ದು.

ಮೊದಲು ಕೆಟ್ಟದ್ದು ಹೇಳ್ತೀನಿ.
ನಳ ಮೂರು ದಿನಕ್ಕೊಮ್ಮೆ, ಅದೂ ನಸುಕಿನಾಗ.
ಕೆಂಪು ಮಣ್ಣು. ಬಿಳಿ ಸೀರಿ ಉಟ್ಟು ನೌಬಾದಿಗೆ ಹೋದ್ರ
ವಾಪಸ್ ಬರೂದ್ರಾಗ ಗುಲಾಬಿ.
ಹತ್ತು ಗಂಟೆಗೆ ತರಬೇತಿ ವಿಮಾನ ಹಾರ್ತಾವ,
ಪಾಠದ ನಡುವ ಅರ್ಧ ವಾಕ್ಯ ನುಂಗ್ತಾವ.
ಆ ಅರ್ಧಾನೇ ಪರೀಕ್ಷೆಗೆ ಬರ್ತದಂತ ಹುಡುಗರು ಅಂಜತಾರ.
ಒಂಟಿ ಹೆಣ್ಣುಮಗಳಿಗೆ ಮನಿ ಕೊಡ್ಲಿಕ್ಕ
ನಾಕು ಮಂದಿ ನಾಕು ಪ್ರಶ್ನಿ ಕೇಳ್ತಾರ,
ಐದನೇದಾಂವ ಏನೂ ಕೇಳಂಗಿಲ್ಲ,
ಬಾಗಿಲ ಸಂದಿಯಾಗಿಂದ ನೋಡ್ತಾನ.
ಮೇ ತಿಂಗಳಂತೂ
ಮೆಸ್ಸಿನ ಮುಂದಿನ ನಾಯಿ ಸುದ್ದಾ
ಬಸ್‌ಸ್ಟ್ಯಾಂಡಿಗೆ ಹೋಗಿ ನಿಂದರ್ತದ.

ಒಳ್ಳೇದು ಹೇಳೋದು ಕಷ್ಟ ರೀ.
ಚಹಾ ತಗೋರಿ. ನೀವು ಹೊಸಬರಂತ
ಅಫ್ಸರ್ ಬಿಸ್ಕೀಟೂ ಇಟ್ಟಾನ.
ಅಲ್ಲಿ ಗವಾನ್ ಚೌಕದ ಹತ್ರ ಹಳೇ ಮದರಸಾ ಅದ,
ಐದುನೂರು ವರ್ಷದ ಹಿಂದಿನ ಕಾಲೇಜು ಅಂತ ತಿಳೀರಿ.
ಒಂದು ಮಿನಾರ ಉಳದದ, ಇನ್ನೊಂದು ಬಿದ್ದದ.
ನೀಲಿ ಹೆಂಚು ಒಂದಿಷ್ಟು ಇನ್ನಾ ಅಂಟಿಕೊಂಡಾವ.
ಅದ್ಯಾವ ಅಂಟೋ! ಹೋದಾಗೆಲ್ಲ ನಾ ಅದನ್ನೇ ನೋಡ್ತೀನಿ.
ಕಲಿಯೋರು ಬಂದು ಹೋಗೋದು ಈ ಊರಿಗೆ ಹೊಸದಲ್ಲ.
ಇರ್ಲಿಕ್ಕ ಯಾರೂ ಬರಂಗಿಲ್ಲ, ಮೇಡಂ,
ಮುಗಿಸ್ಲಿಕ್ಕ ಬರ್ತಾರ.

ಹನ್ನೊಂದು ವರ್ಷದ ಹಿಂದ
ಅಂಬಿಕಾ ಕಣಜೆ ಅಂತ, ಔರಾದ ಕಡಿಯಾಕಿ,
ಐದು ಪ್ರತಿ ಮಾಡಿಸಿದಳು, ಬೀಸುಕಲ್ಲಿನ ಪದದ ಮ್ಯಾಲ.
ಐದನೇದಕ್ಕ ನನ್ನ ಕೈ ತಪ್ತು:
ಕಣಜೆ ಹೋಗಿ ಕಣಜ ಆಯ್ತು.
ಬಂಗಾರದಾಗ ಮಾಡಿದ ತಪ್ಪು, ಕೆರದರ ರಟ್ಟೇ ಹೋಗ್ತದ.
ಬೈಸಿಕೊಳ್ಳಲಿಕ್ಕ ತಯಾರಾಗಿ ನಿಂತಿದ್ದೆ.
ಆಕಿ ನಕ್ಕಳು:
‘ಇರ್ಲಿ ಅಣ್ಣಾ, ಕಾಳು ತುಂಬಿಡ್ರಿ.’
ನಾಕು ಒಯ್ದಳು. ಆಮ್ಯಾಲ ಬರಲಿಲ್ಲ.

ಅದು ಇಲ್ಲೇ ಅದ, ಮ್ಯಾಲಿನ ಹಲಗಿ, ಅಂಟಿನ ಡಬ್ಬಿ ಹಿಂದ.
ಲಾಕ್‌ಡೌನಿನಾಗ, ಅರ್ಧ ಶಟರ್ ಎಳದು ಕುಂತಾಗ,
ನಾ ಕಟ್ಟಿದ ಪುಸ್ತಕ ನಾ ಮೊದಲ ಸಲ ತೆರದೆ.
ಕಡೀಗೆ ಹಾಡಿದವರ ಯಾದಿ.
ಹದಿನೇಳನೇದು:
ನೀಲಮ್ಮ ಗಂಡ ತುಕ್ಕಪ್ಪ, ಜನವಾಡ,
ವಯಸ್ಸು ಅಂದಾಜು ಎಪ್ಪತ್ತು, ಓದು ಇಲ್ಲ.

ನಮ್ಮವ್ವ ರೀ.

ಮನಿಯಾಗ ಆಕಿ ಹಾಡಿದ್ದು ನಾ ಕೇಳೇ ಇಲ್ಲ,
ಹಿಟ್ಟಿನ ಗಿರಣಿ ಬಂದಮ್ಯಾಲ ಹುಟ್ಟಿದಾಂವ ನಾ.
ಗುರುತಿಲ್ಲದ ಹುಡುಗಿಗೆ, ಯಾವುದೋ ಒಂದು ಮಧ್ಯಾಹ್ನ,
ಇಪ್ಪತ್ತೆರಡು ಪದ ಕೊಟ್ಟು ಕಳಿಸ್ಯಾಳ.
ಒಂದರಾಗ ನನ್ನ ಹೆಸರೂ ಅದ.
ನಾ ಓದೂದ್ರಾಗ ಆಕಿ ಹೋಗಿ
ಮೂರು ಎಳ್ಳಮಾಸಿ ಆಗಿದ್ದವು.

ಇದನ್ನ ಒಳ್ಳೇದರ ಲೆಕ್ಕದಾಗ ಹಿಡೀಬೇಕೋ
ಕೆಟ್ಟದ್ದರಾಗೋ, ನನಗಿನ್ನೂ ತಿಳಿದಿಲ್ಲ.

ಮನಿ ಬೇಕಂದ್ರ ಮೈಲೂರ ಕ್ರಾಸಿನ ಹಿಂದ ಒಂದದ,
ಮಹಡಿ ಮ್ಯಾಲ, ಗಾಳಿ ಭೇಷ್, ನೀರಿನ ಟಾಕಿ ದೊಡ್ಡದು.
ಪ್ರಶ್ನಿ ಕೇಳೋ ಮಂದಿ ಅಲ್ಲ.
ಮುಂಗಡ ಎರಡೇ ತಿಂಗಳದು,
ವೈಜಿನಾಥ ಕಳಿಸ್ಯಾನಂತ ಹೇಳ್ರಿ.
ಮತ್ತ ಆ ಆರ್ಡರ್ ಹಂಗ ಮಡಚಬ್ಯಾಡ್ರಿ,
ಮಡಿಕಿಯಾಗ ಹರೀತದ.
ಕೊಡ್ರಿ ಇಲ್ಲಿ,
ಒಂದು ಪ್ರತಿ ತಗದು ಇಡ್ತೀನಿ.